ದೋಣಿ ಬಿಟ್ಟು ಏಳದ ಸೂಜಿಯಮ್ಮ

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಹರಿದ ಪುಸ್ತಕ ಹೊಲಿಯುತ್ತಿದ್ದ ಹೆಂಗಸನ್ನು ಎಲ್ಲರೂ ಸೂಜಿಯಮ್ಮ ಅಂತಲೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಯಾವ ಪುಸ್ತಕ ಜನಕ್ಕೆ ಇಷ್ಟ, ಯಾವುದು ಬರೀ ಕಪಾಟಿಗೆ ಭಾರ ಅನ್ನುವುದನ್ನು ಅವಳಷ್ಟು ಚೆನ್ನಾಗಿ ಲೈಬ್ರರಿ ಸಾಹೇಬರಿಗೂ ಹೇಳಲು ಬರುತ್ತಿರಲಿಲ್ಲ.

"ಬೆರಳು ಸುಳ್ಳು ಹೇಳಲ್ಲ," ಅನ್ನುತ್ತಿದ್ದಳು. "ಮನಸ್ಸು ಎಲ್ಲಿ ನಿಲ್ಲುತ್ತೋ ಅಲ್ಲಿ ಹಾಳೆ ಮಾಸಿರುತ್ತೆ."

ಅವಳ ಮೇಜಿಗೆ ಅತಿ ಹೆಚ್ಚು ಸಲ ಬಂದದ್ದು ಒಂದು ದಪ್ಪ ಕಾದಂಬರಿ. ಮಾತಾಡುವ ಹದ್ದು, ತೇಲುವ ಕೋಟೆ, ಎರಡು ರಾಜ್ಯ, ನಡುವೆ ಒಂದು ನದಿ. ಓದುವವರೆಲ್ಲ ಅದಕ್ಕೆ ದೋಣಿ ಪುಸ್ತಕ ಅನ್ನುತ್ತಿದ್ದರು. ರಾಣಿಯ ಸೈನ್ಯ ಈಚೆ ದಡದ ಊರನ್ನು ಸುಟ್ಟು ನದಿ ದಾಟಲು ಬರುತ್ತದೆ. ಮುದುಕಿ ಅಂಬಿಗಿತ್ತಿ ದೋಣಿ ಕೊಡುವುದಿಲ್ಲ. ಹುಟ್ಟುಗಳನ್ನು ಕಾಲಡಿ ಹಾಕಿಕೊಂಡು ಕೂತೇ ಇರುತ್ತಾಳೆ. ಸೈನ್ಯ ಸುತ್ತು ದಾರಿ ಹಿಡಿದು ಹೋಗುವಷ್ಟರಲ್ಲಿ ಆಚೆ ದಡದ ಜನ ಗುಡ್ಡ ಹತ್ತಿ ಬದುಕಿಕೊಳ್ಳುತ್ತಾರೆ. ಲೈಬ್ರರಿಯಲ್ಲಿದ್ದ ಮೂರು ಪ್ರತಿಗಳಲ್ಲೂ ಮುದುಕಿ ಕೂತ ಹಾಳೆಗಳೇ ಎಲ್ಲಕ್ಕಿಂತ ಕೊಳೆ.

ಈಗ ಆ ಪುಸ್ತಕವನ್ನು ಒಂದು ಕಂಪನಿಯವರು ಆನ್‌ಲೈನ್ ಆಟ ಮಾಡಿದ್ದರು. ಕಂಪನಿಯಲ್ಲಿ ಕೂತು ಆಟದ ಕಥೆ ಬರೆದವಳು ಸೂಜಿಯಮ್ಮನ ತಂಗಿಯ ಮಗಳು. ಆಟವನ್ನು ಎಲ್ಲರಿಗೂ ಬಿಡುವ ಮೊದಲು ಹತ್ತು ದಿನ ಪುಸ್ತಕ ಬಲ್ಲವರ ಕೈಲಿ ಆಡಿಸಿ, ಹೇಗನ್ನಿಸಿತು ಅಂತ ಕೇಳುವುದು. ಹೆಚ್ಚು ಜನ ಹೇಗೆ ಆಡುತ್ತಾರೋ ಕಥೆಯನ್ನು ಹಾಗೇ ಗಟ್ಟಿ ಮಾಡುವುದು. ಇದು ಏರ್ಪಾಡು. ಓದುವ ಕೋಣೆಯ ಕಂಪ್ಯೂಟರಿನ ಮುಂದೆ ದೊಡ್ಡಮ್ಮನನ್ನೂ ಕೂರಿಸಿದಳು. ಆಟದೊಳಗೆ ಬೈಂಡಿಂಗ್ ಕಸುಬು ಇರಲಿಲ್ಲ. ಹಾಯಿ ಹೊಲಿಯುವ ಕಸುಬು ಇತ್ತು, ಸೂಜಿಯಮ್ಮ ಅದನ್ನೇ ಆರಿಸಿಕೊಂಡಳು. ಉಳಿದವರ ಕೈಯಲ್ಲಿ ಕತ್ತಿ, ಇವಳ ಕೈಯಲ್ಲಿ ದಬ್ಬಣ.

"ಹೇಗಿದೆ ದೊಡ್ಡಮ್ಮ?" ಅಂತ ತಂಗಿ ಮಗಳು ಮೊದಲ ದಿನವೇ ಕೇಳಿದಳು.

"ನೀರು ಚೆನ್ನಾಗಿದೆ. ನೋಡಿದರೆ ಕೈ ಅದ್ದೋಣ ಅನ್ನಿಸುತ್ತೆ. ಮೊಣಕಾಲು ನೋಯದೆ ಗುಡ್ಡ ಹತ್ತೋದೂ ಚೆನ್ನಾಗಿದೆ. ಆದರೆ ಎಲ್ಲರೂ ಯಾಕೆ ಹಾಗೆ ಓಡ್ತಾರೆ, ಬಸ್ಸು ತಪ್ಪುತ್ತಾ? ಕಂಡವರ ಮನೆಗೆ ನುಗ್ಗಿ ಪೆಟ್ಟಿಗೆ ತೆಗೀತಾರೆ, ಆ ಮನೆಯವಳು ನಿಂತು ನಗ್ತಾಳೆ. ನಮ್ಮನೇಲಿ ಹಾಗೆ ಮಾಡಲಿ, ಪೊರಕೆ ಮುರಿಯುತ್ತೆ."

ತಂಗಿ ಮಗಳು ನಗುತ್ತಾ ಎಲ್ಲವನ್ನೂ ಬರೆದುಕೊಂಡಳು.

ನಾಲ್ಕನೇ ದಿನ ಸೂಜಿಯಮ್ಮನ ಗುಂಪು ನದಿ ದಡ ಮುಟ್ಟಿತು. ಗುಂಪೆಂದರೆ ಅವಳು, ಒಬ್ಬ ರಿಟೈರಾದ ಬಸ್ ಕಂಡಕ್ಟರ್, ಒಬ್ಬ ಸಲೂನಿನವನು. ಅವರಿಬ್ಬರು ಅವರವರ ಮನೆಯಿಂದ ಆಡುತ್ತಿದ್ದರು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಮಾತು ಕೇಳುತ್ತಿತ್ತು. ದೋಣಿಯಲ್ಲಿ ಅಂಬಿಗಿತ್ತಿ ಕೂತಿದ್ದಳು. ಅವಳ ತಲೆಯ ಮೇಲೆ ಕೆಂಪು ಅಕ್ಷರ: ಕೊಂದು ದೋಣಿ ಪಡೆಯಿರಿ.

"ಹೊಡೀರಿ ಸೂಜಿಯಮ್ಮ," ಅಂದರು ಕಂಡಕ್ಟರ್. "ಹಿಂದೆ ಎಷ್ಟು ಜನ ನಿಂತಿದಾರೆ ನೋಡಿ. ಇರೋದೊಂದೇ ದೋಣಿ."

"ಇವಳನ್ನಾ? ಪುಸ್ತಕ ಓದಿದೀರಾ ನೀವು?"

"ಓದಿ ನಲವತ್ತು ವರ್ಷ ಆಯ್ತು. ಯಾವನಿಗೆ ನೆನಪಿರುತ್ತೆ?"

"ಅಮ್ಮಾ, ಇದು ರಕ್ತ ಅಲ್ಲ, ಬರೀ ಬಣ್ಣ," ಅಂದ ಸಲೂನಿನವನು.

"ಬರೀ ಬಣ್ಣ ಅಂದರೆ ನಿಮ್ಮಮ್ಮನ ಫೋಟೋ ತಾರಪ್ಪ, ಕತ್ತರಿ ಹಾಕೋಣ."

ಸೂಜಿಯಮ್ಮ ದೋಣಿ ಹತ್ತಿ ಮುದುಕಿಗೆ ಅಡ್ಡ ಕೂತಳು. ಆಟಗಾರರು ಆಟಗಾರರನ್ನು ಹೊಡೆಯುವ ಹಾಗಿಲ್ಲ ಅನ್ನುವುದು ಆಟದ ನಿಯಮ. ಅವಳು ಕೂತಿರುವ ತನಕ ಯಾರ ಕತ್ತಿಯೂ ಮುದುಕಿಗೆ ತಾಕುವಂತಿರಲಿಲ್ಲ.

ಸುದ್ದಿ ಹೋಗಿ ಮಧ್ಯಾಹ್ನದ ಹೊತ್ತಿಗೆ ತಂಗಿ ಮಗಳು ಓಡಿ ಬಂದಳು. "ದೊಡ್ಡಮ್ಮ, ಪುಸ್ತಕದಲ್ಲೂ ಅವಳು ಕಾರಣವಿಲ್ಲದೆ ಹಟ ಹಿಡೀತಾಳೆ. ಆ ಸಿಟ್ಟಿಗೇ ಸೈನ್ಯ ಊರು ಸುಡೋದು. ಒಂದು ರೀತಿ ಅಷ್ಟೂ ಜನ ಸಾಯೋಕೆ ಇವಳೇ ಕಾರಣ."

"ಸುಡೋದು ಮೊದಲು ಕಣೇ. ಅದನ್ನ ಕಣ್ಣಾರೆ ನೋಡೇ ಅವಳು ದೋಣಿ ಕೊಡಲ್ಲ ಅನ್ನೋದು."

"ಇಲ್ಲ, ಆಮೇಲೆ. ಹನ್ನೆರಡು ಸಲ ಓದಿದೀನಿ."

"ಯಾವ ಪ್ರತಿ ಓದಿದೆ?"

"ನಿನ್ನ ಮೇಜಿನ ಕೆಳಗೆ ಕೂತು ಓದ್ತಿದ್ದೆನಲ್ಲ, ಹಸಿರು ಬಟ್ಟೆ ಬೆನ್ನಿಂದು."

ಸೂಜಿಯಮ್ಮ ಮೂರೂ ಪ್ರತಿ ತಂದು ಮೇಜಿನ ಮೇಲೆ ಬಿಚ್ಚಿಟ್ಟಳು. ಎರಡರಲ್ಲಿ ಊರು ಸುಟ್ಟ ಮೇಲೆ ದೋಣಿ. ಹಸಿರು ಬೆನ್ನಿನದರಲ್ಲಿ ಮೊದಲು ದೋಣಿ, ಆಮೇಲೆ ಊರು ಸುಡುವುದು. ಅವಳಿಗೆ ಅದನ್ನು ಹೊಲಿದ ದಿನ ನೆನಪಾಯಿತು. ಪುಸ್ತಕವೆಂದರೆ ಹದಿನಾರು ಪುಟಕ್ಕೊಂದು ಮಡಿಕೆ. ಬೈಂಡಿಂಗಿನವರು ಅದಕ್ಕೆ ಫಾರಂ ಅನ್ನುತ್ತಾರೆ. ಫಾರಂ ಎಷ್ಟನೆಯದು ಅನ್ನುವುದು, ಪುಟದ ಅಂಕಿ, ಎರಡೂ ಹಾಳೆಯ ಬುಡದಲ್ಲಿರುತ್ತವೆ. ಹದಿನೈದು ವರ್ಷದ ಹಿಂದೆ ಆ ಪ್ರತಿ ಬಂದಾಗ ಬುಡವನ್ನೆಲ್ಲ ಇಲಿ ತಿಂದಿತ್ತು. ಅಂದಾಜಿನ ಮೇಲೆ ಜೋಡಿಸಿ ಹೊಲಿದಿದ್ದಳು. ಎರಡು ಫಾರಂ ಹಿಂದುಮುಂದಾಗಿದ್ದವು.

"ದಾರ ನನ್ನದೇ," ಅಂದಳು. "ಗಂಟೂ ನನ್ನದೇ. ಅಲ್ಲ ಕಣೇ, ಸೇರೋ ಜಾಗದಲ್ಲಿ ಮಾತು ಮಾತಿಗೆ ಕೂಡಲ್ಲ ಅಂತ ನಿನಗೆ ಅನ್ನಿಸಲೇ ಇಲ್ವಾ?"

"ದೊಡ್ಡ ಲೇಖಕರು ಹಾಗೇ ಬರೀತಾರೆ ಅಂದ್ಕೊಂಡೆ."

"ನಿಮ್ಮ ಸಾಹೇಬರು?"

"ಅವರೆಲ್ಲ ನಾನು ಬರೆದುಕೊಟ್ಟ ಎರಡು ಪುಟದ ಸಾರಾಂಶ ಓದಿದ್ದು." ತಂಗಿ ಮಗಳು ತಲೆ ಮೇಲೆ ಕೈ ಹೊತ್ತು ಕೂತಳು. "ಎರಡು ವರ್ಷದ ಕೆಲಸ ದೊಡ್ಡಮ್ಮ. ಈಗ ಹೇಳಿದರೆ ಯಾರೂ ಕೇಳಲ್ಲ. ಆಟಗಾರರೇ ಅವಳನ್ನ ಕೊಲ್ಲದೆ ಬಿಟ್ಟರೆ ಉಂಟು, ಇಲ್ಲದಿದ್ದರೆ ಹತ್ತನೇ ದಿನಕ್ಕೆ ಅವಳ ಕಥೆ ಮುಗೀತು."

"ನಾನು ಹೊಲಿದ ತಪ್ಪಿಗೆ ಅವಳು ಯಾಕೆ ಸಾಯಬೇಕು?" ಅಂದು ಸೂಜಿಯಮ್ಮ ಸರಿಯಾದ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಕಂಪ್ಯೂಟರಿನ ಮುಂದೆ ಕೂತಳು.

ದಡದಲ್ಲಿ ಸಾಲು ಬೆಳೆದಿತ್ತು. ಬೈಗುಳಕ್ಕೆ ಬರವಿರಲಿಲ್ಲ.

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಅದು ನೀವೇ," ಅಂದರು ಕಂಡಕ್ಟರ್.

"ನಾಲ್ಕೇ ಇದೆ ಕಂಡಕ್ಟರೇ. ನೀವು ಬಂದು ಎಣಿಸಿಲ್ಲ ಅಷ್ಟೆ. ಕೇಳಿ."

ಊರು ಸುಟ್ಟ ಹದಿನಾರು ಪುಟವನ್ನು ಓದತೊಡಗಿದಳು. ನಾಲ್ಕನೇ ಕ್ಲಾಸಿನ ಓದು. ಸಾಲಿನ ಕೆಳಗೆ ಬೆರಳಿಟ್ಟು, ಉದ್ದದ ಪದ ಬಂದಲ್ಲಿ ನಿಂತು, ಉಸಿರು ತೆಗೆದುಕೊಂಡು. ಕೆಲವರು ಉಗಿದು ಹೋದರು. ಕೆಲವರು ನಿಂತರು. ಹದಿನಾರೂ ಪುಟ ಮುಗಿದಾಗ ಕಿವಿಯಲ್ಲಿ ಸಲೂನಿನವನ ದನಿ ಬಂತು.

"ಅಮ್ಮಾ, ಸ್ವಲ್ಪ ಆ ಕಡೆ ಸರೀರಿ."

ಆಟದಲ್ಲಿ ಅವನು ಆರಿಸಿಕೊಂಡಿದ್ದ ದೈತ್ಯ ಬಂದು ಪಕ್ಕ ಕೂತ. ಹೊಸಬರು ಬಂದ ಹಾಗೆಲ್ಲ ಸೂಜಿಯಮ್ಮ ಮೊದಲಿಂದ ಓದಿದಳು. ಮನೆಗೆ ಹೊರಡುವಾಗ ಕಂಪ್ಯೂಟರಿಗೆ "ಆರಿಸಬೇಡಿ" ಅಂತ ಚೀಟಿ ಅಂಟಿಸಿದಳು. ಲೈಬ್ರರಿ ಸಾಹೇಬರು ಕಿತ್ತು ನೋಡಿದರು, ಬರಲಿಲ್ಲ, ಅಂಟು ಬೈಂಡಿಂಗಿನದು. ಎಂಟನೇ ದಿನ ಕಂಡಕ್ಟರ್ ಗೊಣಗುತ್ತಲೇ ಬಂದು ದೋಣಿಯ ಅಂಚಿಗೆ ಕೂತರು. ಹತ್ತನೇ ದಿನ ದೋಣಿಯಲ್ಲಿ ಜಾಗವಿರಲಿಲ್ಲ. ದಡದ ಉದ್ದಕ್ಕೂ ಕತ್ತಿ ನೆಲಕ್ಕಿಟ್ಟು ಜನ ಕೂತಿದ್ದರು.

ಸಂಜೆ ಕಂಪನಿಯ ದೊಡ್ಡ ಸಾಹೇಬರು ಫೋನ್ ಮಾಡಿದರು. ತಂಗಿ ಮಗಳು ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟು ಕಣ್ಣು ಬಿಟ್ಟುಕೊಂಡು ನಿಂತಳು.

"ನೀವು ಆಟ ಕೆಡಿಸ್ತಿದೀರಿ ಅಮ್ಮ."

"ಕೆಡಿಸಿದ್ದು ಹದಿನೈದು ವರ್ಷದ ಹಿಂದೆ. ಈಗ ಸರಿ ಮಾಡ್ತಿದೀನಿ."

"ನಿಮಗೇನು ಬೇಕು?"

"ಊರು ಸುಡೋದು ಮೊದಲು ಬರಲಿ. ಆ ಉರಿಯೋ ಊರಿನ ನಡುವೆ ನಡೆದು ಬಂದ ಮೇಲೂ ಯಾರಿಗೆ ಕೈ ಬರುತ್ತೋ ಅವರು ಕೊಲ್ಲಲಿ. ನಾನು ಅಡ್ಡ ಬರಲ್ಲ."

ಅತ್ತ ಕಡೆ ಯಾರೋ ಯಾರಿಗೋ ಏನೋ ಕೇಳುತ್ತಿದ್ದುದು ಸೂಜಿಯಮ್ಮನ ಕಿವಿಗೆ ಬಿತ್ತು. ಕಾದಳು. ಕಾಯುವುದು ಅವಳಿಗೆ ಹೊಸದಲ್ಲ. ಮೂವತ್ತೊಂದು ವರ್ಷ ಅಂಟು ಒಣಗುವುದನ್ನು ಕಾದವಳು.

"ಮಾಡ್ತೀವಿ," ಅಂದರು ಸಾಹೇಬರು ಕೊನೆಗೆ. "ಎರಡು ತಿಂಗಳು ಹಿಡಿಯುತ್ತೆ. ಈಗ ಏಳಿ."

"ನೀವು ಮಾಡಿ. ಆಮೇಲೆ ಏಳ್ತೀನಿ."

ಫೋನ್ ಕೊಟ್ಟು ಹೆಡ್‌ಫೋನನ್ನು ಮತ್ತೆ ಕಿವಿಗೆ ಹಾಕಿಕೊಂಡಳು.

"ಏನಂತೆ?" ಅಂತ ಕೇಳಿದರು ಕಂಡಕ್ಟರ್.

"ಎರಡು ತಿಂಗಳಂತೆ."

"ಹಾಗಾದರೆ ಕಾಲು ಚಾಚಿಕೊಂಡೇ ಕೂರೋಣ," ಅಂದರು ಅವರು.