ಅರ್ಧಕ್ಕೆ ನಿಂತ ಮೆಟ್ಟಿಲು

ಬಡಗಿ ತನ್ನ ಮನೆಯ ಮಹಡಿಗೆ ಮರದ ಮೆಟ್ಟಿಲು ಕೂರಿಸುತ್ತಿದ್ದಾಗಲೇ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಮೇಲಿನ ಕೋಣೆ ಅವಳ ಹೊಲಿಗೆ ಕೆಲಸಕ್ಕೆಂದೇ ಇತ್ತು. ಅವನು ಉಳಿ ಕೆಳಗಿಟ್ಟ. ಆಮೇಲೆ ದಿನವೂ ಸಂಜೆ ಯಾರೋ ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಅರ್ಧಕ್ಕೇ ನಿಂತಂಥ ಸದ್ದು.

“ಕಿತ್ತು ಹಾಕೋ. ಇನ್ಯಾರಿಗೆ ಆ ಕೋಣೆ?” ಎಂದಳು ಅಕ್ಕ.

“ಕೈ ಬಿಟ್ಟಿಲ್ಲ ಅಕ್ಕಾ, ನಿಲ್ಲಿಸಿದೀನಿ ಅಷ್ಟೆ. ಈಗ ಉಳಿ ಹಿಡಿದ್ರೆ ಕೈ ನಡುಗುತ್ತೆ, ಮರ ಹಾಳಾಗುತ್ತೆ.”

ಉಳಿದ ಹಲಗೆಗಳಿಗೆ ಗೆದ್ದಲು ಹಿಡಿಯದಂತೆ ಎಣ್ಣೆ ಸವರುತ್ತ ವರ್ಷ ಕಳೆದ. ಒಂದು ಬೆಳಿಗ್ಗೆ ಕೈ ನಡುಗಲಿಲ್ಲ, ಕೆಲಸ ಹಿಡಿದ. ಕೊನೆಯ ಹಲಗೆ ಕೂರಿಸುವಾಗ ಸಂಜೆಯಾಗಿತ್ತು. ಸದ್ದು ಬೆನ್ನ ಹಿಂದೆಯೇ ಹತ್ತಿ ಬಂತು. ಬಡಗಿ ತಿರುಗಿ ನೋಡಲಿಲ್ಲ. ಮೊಳೆಯ ಡಬ್ಬಿ ಎತ್ತಿಕೊಂಡು, ದಾಟಿ ಹೋಗಲು ಜಾಗ ಬಿಟ್ಟು, ಗೋಡೆಗೆ ಒತ್ತಿ ಕೂತ.