ಹನ್ನೊಂದು ಸ್ಟಾಪಿನ ಚುಕ್ಕಿ

ಅಪ್ಪ ಮೂವತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತುಮಕೂರಿನಿಂದ ಕುಣಿಗಲ್, ಅಲ್ಲಿಂದ ಯಡಿಯೂರು, ಮತ್ತೆ ವಾಪಸ್ಸು. ಬಾಗಿಲ ಕಂಬಿ ಹಿಡಿದು ಸ್ಟಾಪುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗುತ್ತಿದ್ದ ಆ ಗಂಟಲು ಲಕ್ವ ಹೊಡೆದ ದಿನ ನಿಂತುಹೋಯಿತು. ಕೈಕಾಲು ಹೇಗೋ ಸುಧಾರಿಸಿದವು. ಮಾತು ಬರಲಿಲ್ಲ. ನೀರು ಬೇಕಾದರೂ ‘ಆ’, ಫ್ಯಾನು ಬೇಕಾದರೂ ‘ಆ’. ಗುಬ್ಬಿಯ ಮನೆಯಲ್ಲಿ ನಾವಿಬ್ಬರೇ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್.

ವಾರಕ್ಕೆರಡು ದಿನ ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಸಿಕ್ಕಿತು. ಕಲಿಸುವವಳು ನನಗಿಂತ ಎಷ್ಟೋ ಚಿಕ್ಕವಳು, ಆದರೆ ತಾಳ್ಮೆ ನನ್ನ ಹತ್ತರಷ್ಟು. ಮೊದಲ ದಿನವೇ ಹೇಳಿದಳು: “ತಾತನ ಬಾಯಲ್ಲಿ ದಿನಾ ಓಡಾಡಿದ ಮಾತಿಂದ್ಲೇ ಶುರು ಮಾಡಿ ಮೇಡಮ್. ನೀವು ಮಾತ್ರ ಹೇಳ್ಕೊಡ್ಬೇಡಿ, ಅವರೇ ತೆಗೀಬೇಕು.”

ಹಾಗಾಗಿ ಸ್ಟಾಪುಗಳನ್ನೇ ಹಿಡಿದೆವು. ಒಟ್ಟು ಹನ್ನೊಂದು. ಬೆಳಿಗ್ಗೆ ಕಾಫಿ ಆದ ಮೇಲೆ ಫೋನಿನ ರೆಕಾರ್ಡಿಂಗ್ ಹಾಕಿ ಅಪ್ಪನ ಎದುರು ಕೂರುತ್ತಿದ್ದೆ. ಗೂಳೂರಿನಿಂದ ಹೊರಟು ಯಡಿಯೂರಿನವರೆಗೆ ಎಷ್ಟು ಹೆಸರು ಸ್ಪಷ್ಟವಾಗಿ ಬಂದವೋ ಅದು ಆ ದಿನದ ಅಂಕ. ಮೊದಲ ವಾರ ಸೊನ್ನೆ. ತಿಂಗಳು ಕಳೆದಾಗ ಮೂರು. ಆಮೇಲೆ ಐದು, ಏಳು. ಒಂದು ಶುಕ್ರವಾರ ಹನ್ನೊಂದೂ ಬಂದವು. ಅವತ್ತು ಶಾಲೆಯಲ್ಲಿ ಒಬ್ಬರನ್ನೂ ಬೈಯಲಿಲ್ಲ, ಮಕ್ಕಳಿಗೇ ಗಾಬರಿಯಾಗಿರಬೇಕು.

ತೊಂದರೆ ಏನೆಂದರೆ, ಆಸ್ಪತ್ರೆಗೆ ಹೋದರೆ ಅಪ್ಪ ಮುದುಡಿಕೊಳ್ಳುತ್ತಿದ್ದರು. ಅಲ್ಲಿ ಎರಡು ಹೆಸರು ದಾಟಿದ್ದೇ ಇಲ್ಲ. ಆರು ತಿಂಗಳಿಗೊಮ್ಮೆ ಪರಿಶೀಲನೆ ಇರುತ್ತದೆ, ಸುಧಾರಣೆ ಕಾಣದಿದ್ದರೆ ಅಪ್ಪನ ತರಬೇತಿಯ ಸಮಯವನ್ನು ಕಾಯುತ್ತಿರುವ ಬೇರೆಯವರಿಗೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಮೊದಲೇ ತಿಳಿಸಿದ್ದರು. ಅಪ್ಪನಿಗೆ ಮಾತು ಬರುತ್ತಿದೆ ಎನ್ನುವುದಕ್ಕೆ ಇದ್ದ ಸಾಕ್ಷಿಯೆಲ್ಲ ನನ್ನ ರೆಕಾರ್ಡಿಂಗುಗಳು.

ಮೇಷ್ಟರುಗಳಿಗೆ ಕೊಟ್ಟ ಕಂಪ್ಯೂಟರ್ ತರಬೇತಿಯಲ್ಲಿ ಚಾರ್ಟ್ ಮಾಡುವುದನ್ನು ಕಲಿತಿದ್ದೆ. ಬ್ರೌಸರಿನಲ್ಲಿ ತೆರೆದುಕೊಳ್ಳುವ ಚಾರ್ಟು, ದಿನಕ್ಕೊಂದು ಚುಕ್ಕಿ. ಚುಕ್ಕಿಯ ಮೇಲೆ ಮೌಸ್ ಇಟ್ಟರೆ ತಾರೀಖು ಮತ್ತು ಅಂಕ, ಒತ್ತಿದರೆ ಆ ದಿನದ ಧ್ವನಿ. ರೆಕಾರ್ಡಿಂಗುಗಳನ್ನೆಲ್ಲ ನಮ್ಮ ಮನೆಯ ಕಂಪ್ಯೂಟರಿನ ‘ಅಪ್ಪ’ ಎಂಬ ಫೋಲ್ಡರಿಗೆ ತುಂಬಿ, ಪ್ರತಿ ಚುಕ್ಕಿಗೂ ಅಲ್ಲಿಗೆ ಹೋಗುವ ದಾರಿ ಬರೆದೆ. ಫೋನಿನಲ್ಲಿ ಜಾಗ ಸಾಲದೆ ಅಲ್ಲಿದ್ದುದನ್ನೆಲ್ಲ ಅಳಿಸಿದೆ. ಹನ್ನೊಂದರ ಚುಕ್ಕಿಗೆ ಕೆಂಪು ಬಣ್ಣ ಕೊಟ್ಟೆ. ಒತ್ತಿ ಒತ್ತಿ ನೋಡಿದೆ, ಪ್ರತಿ ಸಲವೂ ತೆರೆಯಿತು. ಕೊನೆಗೆ ಚಾರ್ಟನ್ನು ಇಂಟರ್ನೆಟ್ಟಿಗೆ ಹಾಕಿ ಲಿಂಕು ಬರೆದುಕೊಂಡೆ. ಚಾರ್ಟಿನ ಜೊತೆ ಧ್ವನಿಗಳೂ ಹೋಗಿರುತ್ತವೆ ಎಂದೇ ನಂಬಿದ್ದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಪರಿಶೀಲನೆಯ ದಿನ ಮನೆಗೆ ಬೀಗ ಹಾಕಿ ಇಬ್ಬರೂ ಹೋದೆವು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಚಾರ್ಟು ಚೆನ್ನಾಗಿಯೇ ಬಂತು. “ಅಯ್ಯೋ, ಎಷ್ಟು ನೀಟಾಗಿ ಮಾಡಿದೀರ!” ಎಂದಳು ಆ ಹುಡುಗಿ. ನಾನು ದೊಡ್ಡಸ್ತಿಕೆಯಿಂದ ಕೆಂಪು ಚುಕ್ಕಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ತಪ್ಪಾಗಿದೆ ಎಂಬ ಒಂದು ಸಾಲಾದರೂ ಬರಬಾರದೇ? ಅದೂ ಇಲ್ಲ. ಹೊಸ ಟ್ಯಾಬಿನಲ್ಲಿ ತೆರೆದೆ. ಬರೀ ಬಿಳಿ ಪುಟ. ಪಕ್ಕದ ಚುಕ್ಕಿ, ಅದರ ಪಕ್ಕದ್ದು, ಎಲ್ಲ ಒತ್ತಿದೆ.

ಪಕ್ಕದ ಮೇಜಿನ ಗುಮಾಸ್ತರು ಬಂದು ನೋಡಿದರು. “ಮೇಡಮ್, ಇಂಟರ್ನೆಟ್ಟಿಂದ ಬಂದ ಪೇಜಿಗೆ ಕಂಪ್ಯೂಟರ್ ಒಳಗಿನ ಫೈಲ್ ಮುಟ್ಟೋಕೆ ಬ್ರೌಸರ್ ಬಿಡಲ್ಲ. ಬಿಟ್ರೂ ಏನ್ ಬಂತು? ನಿಮ್ ಫೈಲ್ ಇಲ್ಲೆಲ್ಲಿದೆ, ನಿಮ್ಮನೇಲಿದೆ” ಎಂದರು.

ದಾರಿ ತೋರಿಸದೆ ಬರೀ ಉತ್ತರ ಬರೆದ ಮಕ್ಕಳಿಗೆ ನಾನು ಸೊನ್ನೆ ಹಾಕುವವಳು. ಇಲ್ಲಿ ನನ್ನ ಆರು ತಿಂಗಳ ಉತ್ತರ ಪರದೆಯ ಮೇಲಿತ್ತು, ದಾರಿ ಗುಬ್ಬಿಯಲ್ಲಿ ಬೀಗದ ಒಳಗಿತ್ತು.

“ಪರವಾಗಿಲ್ಲ, ತಾತನ್ನೇ ಕೇಳೋಣ. ತಾತ, ತುಮಕೂರು ಬಿಟ್ರೆ ಯಾವ ಸ್ಟಾಪು?” ಎಂದು ಅವಳು ಅಪ್ಪನ ಕೈ ಹಿಡಿದು ಕೇಳಿದಳು. ಅಪ್ಪ ನನ್ನ ಮುಖ ನೋಡಿದರು. “ಹೇಳಪ್ಪ, ದಿನಾ ಹೇಳ್ತೀಯಲ್ಲ” ಎಂದೆ. ಅವರು ನನ್ನ ಬಾಯನ್ನೇ ನೋಡುತ್ತ ‘ಆ’ ಎಂದರು. ಅಷ್ಟೇ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಅಪ್ಪನ ಮೇಲೆ ಸಿಟ್ಟು ಬಂತು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

“ರೆಕಾರ್ಡಿಂಗ್ ನಾಳೆ ತಂದ್ರೂ ಕೇಳ್ತೀನಿ ಮೇಡಮ್. ಒಂದಿನ ತಡ್ಕೋತೀನಿ” ಎಂದಳು ಪುಣ್ಯಾತ್ಗಿತ್ತಿ.

ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಕಂಪ್ಯೂಟರ್ ಹಾಕಿ, ಅದರೊಳಗೇ ಇದ್ದ ಮೂಲ ಚಾರ್ಟನ್ನು ತೆರೆದೆ. ಕೆಂಪು ಚುಕ್ಕಿ ಒತ್ತಿದೆ. ಒಂದೇ ಏಟಿಗೆ ತೆರೆಯಿತು. ಈ ಸಲ ಆ ಹುಡುಗಿಯ ಕಿವಿಯಿಂದ ಕೇಳಬೇಕು ಎಂದುಕೊಂಡು ಧ್ವನಿ ಜೋರು ಮಾಡಿದೆ.

‘ಗೂ...’ ಎಂದಿತು ಒಂದು ಹೆಣ್ಣು ಧ್ವನಿ, ಮೆಲ್ಲಗೆ. ‘ಗೂಳೂರು’ ಎಂದರು ಅಪ್ಪ. ‘ಹೆ...’ ಎಂದಿತು ಅದೇ ಧ್ವನಿ. ‘ಹೆಬ್ಬೂರು.’ ಹನ್ನೊಂದಕ್ಕೆ ಹನ್ನೊಂದೂ ಹಾಗೇ. ಹಿಂದಿನ ಚುಕ್ಕಿ ಒತ್ತಿದೆ, ಅದರ ಹಿಂದಿನದೂ ಒತ್ತಿದೆ. ಮೂರು ಬಂದ ದಿನ ಮೂರು ಸಲ, ಏಳು ಬಂದ ದಿನ ಏಳು ಸಲ ನಾನಿದ್ದೆ. ಅಷ್ಟು ದಿನವೂ ನಾನು ಅಪ್ಪನ ಧ್ವನಿಯನ್ನು ಮಾತ್ರ ಕೇಳಿಸಿಕೊಂಡಿದ್ದೆ. ತರಗತಿಯಲ್ಲಿ ಪಕ್ಕದವನಿಗೆ ಮೊದಲ ಅಕ್ಷರ ಪಿಸುಗುಟ್ಟಿದವರನ್ನು ಬೆಂಚಿನ ಮೇಲೆ ನಿಲ್ಲಿಸುವವಳು ನಾನು.

ನಾಳೆ ಒಯ್ಯಲೆಂದು ತೆಗೆದ ಪೆನ್ ಡ್ರೈವ್ ಕೈಯಲ್ಲೇ ಇತ್ತು. ಹಾಕಲಿಲ್ಲ. ಆ ಹುಡುಗಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು, “ಮನೇಲಿ ಮಾಡೋದನ್ನ ಬಿಡ್ಬೇಡಿ ಮೇಡಮ್” ಎಂದಳು. ಆಸ್ಪತ್ರೆಯಲ್ಲಿ ಅಪ್ಪನ ಸಮಯ ಬೇರೆಯವರಿಗೆ ಹೋಯಿತು.

ಮರುದಿನ ಬೆಳಿಗ್ಗೆ ಕಾಫಿ ಮುಗಿಸಿ ಅಪ್ಪ ತಾವೇ ಕುರ್ಚಿ ಎಳೆದುಕೊಂಡು ಕೂತು ಫೋನಿನ ಕಡೆ ಕೈ ತೋರಿಸಿದರು. ಫೋನನ್ನು ಮೇಜಿನ ಮೇಲಿಟ್ಟೆ, ರೆಕಾರ್ಡಿಂಗ್ ಹಾಕಲಿಲ್ಲ. ಅಪ್ಪ ನನ್ನ ಬಾಯಿ ನೋಡಿದರು. ನಾನು ತುಟಿ ಬಿಗಿಹಿಡಿದು ಕೂತೆ. ಬೀದಿಯಲ್ಲಿ ತರಕಾರಿ ಗಾಡಿ ಬಂದು ಹೋಯಿತು. ಶಾಲೆಗೆ ಹೊತ್ತಾಗುತ್ತಿತ್ತು. ಅಪ್ಪನ ಗದ್ದ ನಡುಗಿತು, ಕಣ್ಣು ತುಂಬಿತು, ಆದರೂ ಬಾಯಿಂದ ಏನೂ ಹೊರಡಲಿಲ್ಲ.

ನನ್ನಿಂದ ಆಗಲಿಲ್ಲ. “ಗೂ...” ಎಂದೆ.

“ಗೂಳೂರು!” ಎಂದರು ಅಪ್ಪ, ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಾಲದಷ್ಟೇ ಜೋರಾಗಿ. ಹಾಗೇ ಒಂದೊಂದೇ ಸ್ಟಾಪು ದಾಟಿ ಇಬ್ಬರೂ ಯಡಿಯೂರು ಮುಟ್ಟಿದೆವು. ಆ ದಿನಕ್ಕೆ ನಾನು ಚುಕ್ಕಿ ಇಡಲಿಲ್ಲ.