ಕೊಂಬೆಯ ತುದಿಯ ಹಲಸು

ಗೋಡೆಗೆ ಬಟ್ಟೆ ಉಡಿಸುವ ಊರೊಂದಿದೆ ಎಂದು ಗದಗದಲ್ಲಿ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಚಿತ್ರಕಲಾ ಶಿಕ್ಷಕಿಯಾಗಿ ನೆಲ್ಯಾಡಿಯ ಆಚೆಗಿನ ಈ ಊರಿಗೆ ವರ್ಗವಾಗಿ ಬಂದಾಗ ಆಟಿ ತಿಂಗಳು. ನಮ್ಮ ಆಷಾಢದ ಆಸುಪಾಸಿಗೆ ಬರುವ, ಮಳೆ ಬಿಡದೆ ಹೊಯ್ಯುವ ತಿಂಗಳದು. ಬಾಡಿಗೆ ಮನೆಯ ಗೋಡೆಗಳಿಗೆಲ್ಲ ಅಡಿಕೆ ಮರದ ಒಣಗರಿಯ ಸೋಗೆ ಸಾಲಾಗಿ ಕಟ್ಟಿದ್ದರು. ಒಳಗೆ ಹಗಲಲ್ಲೂ ದೀಪ ಬೇಕು.

"ಇದೇನ್ರೀ, ಗ್ವಾಡಿಗೆ ಥಂಡಿ ಆಗೈತೇನು?" ಎಂದು ಮನೆಯ ಯಜಮಾನ ಸೇಸಪ್ಪ ಗೌಡರನ್ನು ಕೇಳಿದೆ.

"ಕಟ್ಟದಿದ್ರೆ ಪಾಚಿ ಹಿಡೀತದೆ ಟೀಚರೇ. ನೀವು ಘಟ್ಟದ ಮೇಲಿನವರು, ನಿಮಗೆ ಮಳೆ ಎಂತ ಗೊತ್ತುಂಟು?"

ಘಟ್ಟದ ಮೇಲಿನವಳು! ಆ ಹೆಸರು ಅಂದಿನಿಂದ ಅಂಟಿಕೊಂಡಿತು. ನಮ್ಮಲ್ಲಿ ಮಳೆ ಬಂದರೆ ಹೊರಗೆ ಬಂದು ನೋಡುತ್ತೇವೆ. ಇಲ್ಲಿ ಬಿಸಿಲು ಬಂದರೆ ನೋಡುತ್ತಾರೆ. ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಕುಚ್ಚಲಕ್ಕಿಯ ದಪ್ಪ ಅಗುಳು ಮೊದಮೊದಲು ಒಗ್ಗಲೇ ಇಲ್ಲ. ತುಳು ತಲೆಗೆ ಹತ್ತಲಿಲ್ಲ. ಸಂಜೆಯಾದರೆ ಅಳು ಬರುತ್ತಿತ್ತು.

ಒಂದು ಸಂಜೆ ರಸ್ತೆಯಾಚೆಯ ಏಲಿಯಮ್ಮ ಬೇಯಿಸಿದ ಮರಗೆಣಸು ತಂದುಕೊಟ್ಟರು. ಹಿಂದಿನ ತಲೆಮಾರಿನಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆತನ ಅವರದು. "ನನ್ನ ಅತ್ತೆಯೂ ಬಂದ ಹೊಸತರಲ್ಲಿ ಒಲೆ ಮುಂದೆ ಕೂತು ಅಳ್ತಿದ್ರಂತೆ. ನಿಮಗೂ ಸರಿ ಆಗ್ತದೆ ಟೀಚರೇ," ಎಂದರು. ಆ ಗೆಣಸಿನ ಪಾತ್ರೆ ನೋಡಿ ಸೇಸಪ್ಪಣ್ಣ ಮುಖ ತಿರುಗಿಸಿಕೊಂಡರು. ಆಗ ಗೊತ್ತಾಯಿತು, ಈ ಊರಿನಲ್ಲಿ ಎರಡು ಊರುಗಳಿವೆ.

ಜಗಳ ಹುಟ್ಟಿದ್ದು ಬಸ್ ತಂಗುದಾಣಕ್ಕಾಗಿ. ಹೆದ್ದಾರಿ ಅಗಲವಾಗುವಾಗ ಹಳೆಯದು ಹೋಯಿತು. ಹೊಸದು ತಮ್ಮ ದಾರಿಯ ಬಾಯಿಯಲ್ಲೇ ಆಗಬೇಕೆಂದು ಅಡಿಕೆ ತೋಟದವರು ಒಂದು ಕಡೆ, ರಬ್ಬರಿನವರು ಇನ್ನೊಂದು ಕಡೆ. ಅಡಿಕೆಯ ಸೇಸಪ್ಪಣ್ಣನೂ ಏಲಿಯಮ್ಮನ ಗಂಡ ಜೋಸೆಫರೂ ಒಬ್ಬರೊಬ್ಬರ ಅಂಗಿಯ ಕಾಲರಿಗೆ ಕೈ ಹಾಕಿದರಂತೆ. ಕೊನೆಗೆ ತಂಗುದಾಣ ಎಲ್ಲಿಯೂ ಆಗಲಿಲ್ಲ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರೆ; ಇಲ್ಲಿ ಲಾಭವಾದದ್ದು ಮಳೆಗೆ. ಎರಡೂ ಕಡೆಯವರು ಬೇರೆ ಬೇರೆ ಮರದಡಿ ಕೊಡೆ ಹಿಡಿದು ನೆನೆಯುತ್ತಿದ್ದರು.

ಎರಡೂ ಮರಗಳ ನಡುವೆ ನಮ್ಮ ಶಾಲೆಯ ಉದ್ದನೆಯ ಗೋಡೆ. ಅಲ್ಲಿ ಊರವರೆಲ್ಲ ಸೇರಿ ಒಂದು ಚಿತ್ರ ಬರೆಯಲಿ ಎಂದು ನನಗೆ ಹಟ ಹಿಡಿಯಿತು. ಹೆಡ್‌ಮಾಸ್ಟರು ಒಪ್ಪಿದರು, ಆದರೆ ಎಚ್ಚರಿಸಿದರು: "ಇದರಿಂದ ಇನ್ನೊಂದು ಗಲಾಟೆ ಆದ್ರೆ ನಾನು ಸುಣ್ಣ ಬಳಿಸಿಬಿಡ್ತೇನೆ, ಆಯ್ತಾ?"

ಎರಡೂ ಕಡೆಯವರಿಗೆ ಬೇಕಾದದ್ದು ಏನೆಂದು ಯೋಚಿಸಿ ಹಲಸಿನ ಮರ ಎಂದುಕೊಂಡೆ. ನಡುವೆ ಕಾಂಡ, ಎರಡೂ ಬದಿಗೆ ಕೊಂಬೆ. ಆ ತುದಿಯನ್ನು ಅವರು ತುಂಬಲಿ, ಈ ತುದಿಯನ್ನು ಇವರು. ಮಾರ್ಗಶಿರದ ಒಂದು ಶನಿವಾರ ಒಬ್ಬಳೇ ನಿಂತು ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

ಮರುದಿನ ಬಣ್ಣ ಹಚ್ಚಲು ಬಂದವರು ಗೋಡೆಯನ್ನು ಮೇಲೆ ಕೆಳಗೆ ನೋಡಿದರು. ಆಮೇಲೆ ಆ ತುದಿಯಲ್ಲೊಂದು ನಗು, ಈ ತುದಿಯಲ್ಲೊಂದು ನಗು.

"ಎಂತ ಟೀಚರೇ ಇದು? ಹಲಸು ಕೊಂಬೆಯ ತುದಿಯಲ್ಲಿ ಆಗುದುಂಟಾ ಮಾರಾಯ್ರೆ?" ಎಂದರು ಸೇಸಪ್ಪಣ್ಣ.

ನಮ್ಮಲ್ಲಿ ಹಲಸೆಂದರೆ ತಳ್ಳುಗಾಡಿಯಲ್ಲಿ ತೊಳೆ ಬಿಡಿಸಿ ಮಾರುವ ಹಣ್ಣು. ನಾನು ಇಲ್ಲಿಗೆ ಬರುವಷ್ಟರಲ್ಲಿ ಅದರ ಕಾಲ ಮುಗಿದಿತ್ತು. ಹಾಗಾಗಿ ಮಾವಿನಂತೆ ತುದಿತುದಿಗೆ ಜೋತುಹಾಕಿದ್ದೆ. ಕಿವಿಯವರೆಗೂ ಕೆಂಪಾದೆ.

"ಬುಡದಲ್ಲೇ ಆಗುದು," ಎಂದರು ಸೇಸಪ್ಪಣ್ಣ.

"ಟೀಚರೇ, ಅವರಿಗೆ ಹೇಳಿ," ಎಂದರು ಜೋಸೆಫ್, ನನ್ನ ಮುಖ ನೋಡುತ್ತ. "ಬುಡದಲ್ಲಿ ಮಾತ್ರ ಅಲ್ಲ, ದಪ್ಪ ಕೊಂಬೆಯಲ್ಲೂ ಆಗ್ತದೆ."

"ಅದು ಅವರ ಜಾಗದಲ್ಲಿ ಇರಬಹುದು."

ಜೋಸೆಫ್ ಈಗ ನೇರವಾಗಿ ತಿರುಗಿದರು. "ನಿಮ್ಮ ಬಾವಿ ಹತ್ತಿರದ ಮರದಲ್ಲೇ ಉಂಟಲ್ಲ ಸೇಸಪ್ಪಣ್ಣ? ವರ್ಷವೂ ಮೊದಲ ಹಣ್ಣು ನೀವು ನಮ್ಮ ಮನೆಗೆ ಕಳಿಸ್ತಿದ್ದದ್ದು?"

ನನಗೆ ಸುಣ್ಣದ ಡಬ್ಬಿಯೇ ಕಣ್ಣಮುಂದೆ ಬಂತು.

"ಅದು ನೆನಪುಂಟಾ ನಿಮಗೆ?" ಎಂದರು ಸೇಸಪ್ಪಣ್ಣ, ಸಣ್ಣ ದನಿಯಲ್ಲಿ.

"ತಿಂದದ್ದು ಎಂತ ಮರೆಯುದು?"

ಹಣ್ಣುಗಳೆಲ್ಲ ನಡುವಿನ ಕಾಂಡಕ್ಕೆ ಬಂದವು. ಅವನ್ನು ತುಂಬಲು ಎರಡೂ ಕಡೆಯವರು ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾಯಿತು. ನಿಂತರು. ಮುಳ್ಳು ಚೂಪೋ ಮೊಂಡೋ ಎಂದು ಮತ್ತೆ ವಾದವಾಯಿತು, ಆದರೆ ಅದರ ನಡುವೆ ಚಹಾ ಒಂದೇ ಪಾತ್ರೆಯಿಂದ ಬಂತು. ಅಂದು ನಾನು ಎರಡು ಬಟ್ಟಲು ಕುಚ್ಚಲಕ್ಕಿ ಗಂಜಿ ಕುಡಿದೆ. ಖುಷಿಗೆ ಹಸಿವು ಜಾಸ್ತಿ.

ಚೈತ್ರ ಕಳೆದು ಮೋಡ ಕಟ್ಟತೊಡಗಿದಾಗ ನನಗೆ ಪಾಚಿಯ ಚಿಂತೆ ಹತ್ತಿತು. "ಸೋಗೆ ಕಟ್ಟೋಣೇನ್ರಿ?" ಎಂದು ಕೇಳಿದೆ. "ಕಟ್ಟಿದ್ರೆ ಚಿತ್ರ ಕಾಣುದು ಹೇಗೆ?" ಎಂದರು ಸೇಸಪ್ಪಣ್ಣ. ವಾರದೊಳಗೆ ಅವರ ತೋಟದ ಅಡಿಕೆ ಮರದ ಕಂಬಗಳು ಬಂದವು, ಜೋಸೆಫರ ಹಳೆಯ ತಗಡಿನ ಶೀಟುಗಳು ಬಂದವು. ಗೋಡೆಯುದ್ದಕ್ಕೂ ಒಂದು ಮಾಡು ಎದ್ದಿತು. ಮೊದಲ ಮಳೆ ಬಿದ್ದ ದಿನ ಎರಡೂ ಮರದಡಿಯವರು ಓಡಿಬಂದು ಅದರಡಿ ನಿಂತರು. ಅಲ್ಲೇ ಬಸ್ಸೂ ನಿಂತಿತು. ತಂಗುದಾಣ ಎಂಬ ಮಾತನ್ನು ಇಂದಿಗೂ ಯಾರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ರಜೆಗೆ ಗದಗಕ್ಕೆ ಹೊರಟ ದಿನ ನಾನೂ ಅಲ್ಲಿ ನಿಂತಿದ್ದೆ. ಅವ್ವನ ರೊಟ್ಟಿಯ ನೆನಪಿಗೆ ಬಾಯಲ್ಲಿ ನೀರು. ನನ್ನನ್ನು ಬಸ್ಸು ಹತ್ತಿಸಲು ಸೇಸಪ್ಪಣ್ಣ, ಜೋಸೆಫ್ ಇಬ್ಬರೂ ಬಂದಿದ್ದರು. ಸುಬ್ರಹ್ಮಣ್ಯಕ್ಕೆ ಹೊರಟ ಅಪರಿಚಿತರೊಬ್ಬರು ಚಿತ್ರ ನೋಡಿ ಕೇಳಿದರು: "ಇದೆಂತ, ಆ ಕೊಂಬೆಯ ತುದಿಯಲ್ಲಿ ಒಂದು ಹಲಸು? ತಪ್ಪಲ್ವಾ?"

ತಲೆಯೆತ್ತಿದೆ. ನನ್ನ ಹಣ್ಣುಗಳಲ್ಲಿ ಒಂದರ ಗೆರೆಯನ್ನು ಅವರು ಅಳಿಸಿಯೇ ಇರಲಿಲ್ಲ. ಮೊನ್ನೆ ಮೊನ್ನೆ, ನನಗೆ ಗೊತ್ತಾಗದ ಹಾಗೆ, ಅದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಬಣ್ಣ ತುಂಬಿದ್ದರು.

"ಅದು ಘಟ್ಟದ ಮೇಲಿನ ಹಲಸು," ಎಂದರು ಸೇಸಪ್ಪಣ್ಣ. ಜೋಸೆಫ್ ಗಂಭೀರವಾಗಿ ತಲೆಯಾಡಿಸಿದರು: "ಅದು ಅಲ್ಲೇ ಆಗುದು."

ನಗುತ್ತಲೇ ಕಣ್ಣೊರೆಸಿಕೊಂಡು ಬಸ್ಸು ಹತ್ತಿದೆ. ಊರಿಗೆ ಹೊರಟಿದ್ದೇನೋ, ಊರು ಬಿಟ್ಟು ಹೊರಟಿದ್ದೇನೋ, ಗದಗ ಮುಟ್ಟುವವರೆಗೂ ತಿಳಿಯಲಿಲ್ಲ.